ಕಾಗದ ತೋರಿಸಿ, ಮಗುವಿನ ಮುಖ ಬೇಡ: ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗೆ ಹಣ ಕೂಡಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೈಂದೂರಿನಿಂದ, ಕಾರ್ಕಳದಿಂದ, ಕಾಸರಗೋಡಿನಿಂದ, ಘಟ್ಟದ ಮೇಲಿನಿಂದ ಮಕ್ಕಳನ್ನು ಎತ್ತಿಕೊಂಡು ಉಡುಪಿ, ಮಂಗಳೂರಿನ ಆಸ್ಪತ್ರೆಗಳಿಗೆ ಬರುವ ಹೆತ್ತವರ ಜೊತೆ ನಿಲ್ಲುವ ಸಣ್ಣ ಗೆಳೆಯರ ಗುಂಪು ನಮ್ಮದು. ನಮಗೆ ಕಚೇರಿ ಇಲ್ಲ, ಹಣ ಪಡೆಯುವ ಖಾತೆಯೂ ಇಲ್ಲ. ಕಾಗದಪತ್ರ ಜೋಡಿಸುವುದು, ಯಾವ ಬಾಗಿಲನ್ನು ಮೊದಲು ತಟ್ಟಬೇಕೆಂದು ಹೇಳುವುದು, ಎಲ್ಲ ಬಾಗಿಲು ತಟ್ಟಿದ ಮೇಲೂ ಹಣ ಸಾಲದಿದ್ದರೆ ಜನರ ಮುಂದೆ ಮನವಿ ಇಡುವುದು ನಮ್ಮ ಕೆಲಸ. ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಮದುವೆ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ರಾತ್ರಿ ಹತ್ತರ ಫೋನಿನಲ್ಲಿ ಜನ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ಕ್ರೌಡ್‌ಫಂಡಿಂಗ್ ಎಂದರೆ ಏನು? ನಮ್ಮ ಕಡೆಗೆ ಇದು ಹೊಸತಲ್ಲವೇ?

ಒಬ್ಬರಿಂದ ಹೊರಲಾಗದ ಖರ್ಚನ್ನು ನೂರಾರು ಜನ ಹಂಚಿಕೊಂಡು ಹೊರುವುದು. ಮೊಬೈಲಿನ ಮೂಲಕ ನಡೆಯುತ್ತದೆ ಎಂಬುದಷ್ಟೇ ಹೊಸತು. ಡಾ. ಟಿ.ಎಂ.ಎ. ಪೈ ಮತ್ತು ಜೊತೆಗಾರರು 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಪಿಗ್ಮಿ ಸಂಗ್ರಾಹಕ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಬರೆದುಕೊಂಡು ಹೋಗುತ್ತಿದ್ದ. ಆ ಎರಡಾಣೆಗಳ ಮೇಲೆ ಈ ಜಿಲ್ಲೆಯಲ್ಲಿ ಎಷ್ಟೋ ಅಂಗಡಿಗಳು ಎದ್ದವು, ಎಷ್ಟೋ ಮದುವೆಗಳು ನಡೆದವು. 2003ರಲ್ಲಿ ಯಶಸ್ವಿನಿ ಯೋಜನೆ ಬಂದಾಗಲೂ ಇದೇ ಲೆಕ್ಕ. ಕಿನ್ನಿಗೋಳಿಯಲ್ಲಿ ಹುಟ್ಟಿ ಮಂಗಳೂರಿನ ಕೆಎಂಸಿಯಲ್ಲಿ ಓದಿದ ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅದನ್ನು ರೂಪಿಸುವಲ್ಲಿ ಮುಂದೆ ನಿಂತಿದ್ದರು. ಸಹಕಾರ ಸಂಘದ ರೈತ ತಿಂಗಳಿಗೆ 5 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆಯ ಖರ್ಚಿಗೆ ರಕ್ಷಣೆ ಸಿಗುತ್ತಿತ್ತು.

ಅಷ್ಟಮಿಯ ವೇಷವನ್ನು ಮರೆಯುವುದು ಹೇಗೆ? ಕಟ್ಟಡದ ಕೂಲಿ ಕೆಲಸ ಮಾಡುವ ರವಿ ಕಟಪಾಡಿಯವರು ವರ್ಷಕ್ಕೊಮ್ಮೆ ಕೃಷ್ಣಾಷ್ಟಮಿ, ವಿಟ್ಲಪಿಂಡಿಯ ದಿನಗಳಲ್ಲಿ ಬೆರಗಾಗುವಂತಹ ವೇಷ ತೊಟ್ಟು, ಜನ ಕೊಟ್ಟ ಹಣವನ್ನೆಲ್ಲ ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಟ್ಟುಬಿಡುತ್ತಾರೆ. ಉಡುಪಿಯ ಬೀದಿಯಲ್ಲಿ ಆ ಡಬ್ಬಿಗೆ ನೋಟು ಹಾಕಿದವರೆಲ್ಲರೂ ಕ್ರೌಡ್‌ಫಂಡಿಂಗ್ ಮಾಡಿದವರೇ.

ಕಾಯಿಲೆಗಳು ನೂರಾರು ಇವೆ. ಮಕ್ಕಳ ಹೃದಯಕ್ಕೇ ಏಕೆ ಇಷ್ಟು ಒತ್ತು?

ಏಕೆಂದರೆ ಇಲ್ಲಿ ಒಂದೇ ಶಸ್ತ್ರಚಿಕಿತ್ಸೆ ಎಷ್ಟೋ ಬಾರಿ ಇಡೀ ಆಯುಷ್ಯವನ್ನು ಹಿಂದಕ್ಕೆ ಕೊಡುತ್ತದೆ. ಹಾಗೆಯೇ, ತಡವಾದರೆ ಕೋಟಿ ರೂಪಾಯಿ ಇದ್ದರೂ ಆ ಬಾಗಿಲು ಮುಚ್ಚಿರುತ್ತದೆ.

ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ರಂಧ್ರವಿದೆ ಎಂದುಕೊಳ್ಳಿ. ನಮ್ಮ ಕಡೆಯವರು "ಹಾರ್ಟಿನಲ್ಲಿ ತೂತು" ಎನ್ನುವುದು ಹೆಚ್ಚಾಗಿ ಇದಕ್ಕೇ. ಎಡಗೋಣೆಯ ಒತ್ತಡ ಬಲಗೋಣೆಯದಕ್ಕಿಂತ ಹೆಚ್ಚು. ಹಾಗಾಗಿ ಪ್ರತಿ ಬಡಿತಕ್ಕೂ ಶುದ್ಧ ರಕ್ತದ ಒಂದು ಪಾಲು ದೇಹಕ್ಕೆ ಹೋಗದೆ ರಂಧ್ರದ ಮೂಲಕ ಬಲಕ್ಕೆ ನುಗ್ಗಿ ಮತ್ತೆ ಶ್ವಾಸಕೋಶವನ್ನೇ ಸೇರುತ್ತದೆ. ಮಗು ಹಾಲು ಕುಡಿಯುವಾಗ ಬೆವರುತ್ತದೆ, ತೂಕ ಏರುವುದಿಲ್ಲ, ಮೇಲಿಂದ ಮೇಲೆ ನ್ಯುಮೋನಿಯಾ ಬರುತ್ತದೆ. ಈ ಹಂತದಲ್ಲಿ ರಂಧ್ರ ಮುಚ್ಚಿದರೆ ಮಗು ಎಲ್ಲರಂತೆ ಬೆಳೆಯಬಹುದು. ಬಿಟ್ಟರೆ ಆ ಹೆಚ್ಚಿನ ಒತ್ತಡಕ್ಕೆ ಶ್ವಾಸಕೋಶದ ರಕ್ತನಾಳಗಳು ದಪ್ಪವಾಗಿ ಗಟ್ಟಿಯಾಗುತ್ತವೆ. ಕೊನೆಗೊಂದು ದಿನ ರಕ್ತದ ಹರಿವೇ ತಿರುಗಿ, ತುಟಿ ಉಗುರು ನೀಲಿಯಾಗುತ್ತವೆ. ಆಮೇಲೆ ರಂಧ್ರ ಮುಚ್ಚುವುದೇ ಅಪಾಯ. ಯಾವ ವೈದ್ಯರೂ ಕೈ ಹಾಕುವುದಿಲ್ಲ. ಹಣ ಕೂಡಿಸಲು ಎರಡು ವರ್ಷ ತೆಗೆದುಕೊಂಡ ಮನೆಯವರಿಗೆ "ಈಗ ಆಗುವುದಿಲ್ಲ" ಎಂದು ವೈದ್ಯರು ಹೇಳುವುದನ್ನು ಪಕ್ಕದಲ್ಲಿ ಕುಳಿತು ಕೇಳಿದ್ದೇನೆ. ಈ ಪುಟ ಬರೆಯಲು ಅದೊಂದು ಮಾತು ಸಾಕಾಗಿತ್ತು.

ಇನ್ನು ಕೆಲವು ದೋಷಗಳಲ್ಲಿ ಎರಡು ವರ್ಷವಿರಲಿ, ಎರಡು ತಿಂಗಳೂ ಇರುವುದಿಲ್ಲ. ಹೃದಯದಿಂದ ಹೊರಡುವ ಎರಡು ಮುಖ್ಯ ನಾಳಗಳು ಅದಲುಬದಲಾಗಿ ಹುಟ್ಟಿದ ಮಗುವಿಗೆ ಸಾಮಾನ್ಯವಾಗಿ ಮೊದಲ ಕೆಲವೇ ವಾರಗಳಲ್ಲಿ ಅವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆ ಆಗಬೇಕು.

ಎಷ್ಟು ಮಕ್ಕಳಿಗೆ ಹೀಗಾಗುತ್ತದೆ?

ನೂರು ಹೆರಿಗೆಗಳಲ್ಲಿ ಸುಮಾರು ಒಂದು ಮಗುವಿಗೆ. ಭಾರತದಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು, ಜಗತ್ತಿನಲ್ಲಿ ಸುಮಾರು 13 ಲಕ್ಷ ಮಕ್ಕಳು. ಭಾರತದ ಲೆಕ್ಕದಲ್ಲಿ ಸುಮಾರು ಐದನೆಯ ಒಂದು ಪಾಲು ಮಕ್ಕಳಿಗೆ ಮೊದಲ ವರ್ಷದೊಳಗೇ ಚಿಕಿತ್ಸೆ ಬೇಕು.

ಹುಟ್ಟಿನಿಂದ ಬಾರದ ಹೃದ್ರೋಗವೂ ಒಂದಿದೆ. ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕಿಗೆ ಸರಿಯಾದ ಚಿಕಿತ್ಸೆ ಸಿಗದೆ ರುಮ್ಯಾಟಿಕ್ ಜ್ವರ ಬಂದರೆ ಅದು ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಇಕ್ಕಟ್ಟಾದ ಮನೆಗಳು, ದೂರದ ಆಸ್ಪತ್ರೆ ಇರುವ ಬಡ ದೇಶಗಳಲ್ಲಿ ಇದು ಇಂದಿಗೂ ಶಾಲಾ ಮಕ್ಕಳ ದೊಡ್ಡ ಶತ್ರು. ಜ್ವರ ಬಂದು ಹೋದವರಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ತಪ್ಪದೆ ಕೊಟ್ಟರೆ ಕವಾಟ ಮತ್ತಷ್ಟು ಕೆಡುವುದನ್ನು ತಡೆಯಬಹುದು. ಕವಾಟ ಬದಲಾಯಿಸುವ ಖರ್ಚಿನ ಮುಂದೆ ಆ ಚುಚ್ಚುಮದ್ದಿನ ಬೆಲೆ ಏನೇನೂ ಅಲ್ಲ.

ವೈದ್ಯರು "ಸಣ್ಣ ರಂಧ್ರ, ಕಾದು ನೋಡೋಣ" ಎಂದಿದ್ದಾರೆ. ಈಗಲೇ ಹಣ ಕೂಡಿಸಲು ಶುರು ಮಾಡಲೇ?

ಬೇಡ. ಸಣ್ಣ ರಂಧ್ರಗಳಲ್ಲಿ ಬಹಳಷ್ಟು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಹೇಳಿದ ದಿನಕ್ಕೆ ತಪ್ಪದೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಮನಸ್ಸು ಒಪ್ಪದಿದ್ದರೆ ಇನ್ನೊಬ್ಬ ಮಕ್ಕಳ ಹೃದ್ರೋಗ ತಜ್ಞರಿಗೆ ತೋರಿಸಿ. ಆದರೆ ಭಯದಲ್ಲಿ ಮನವಿ ಹಾಕಬೇಡಿ.

ಎದೆ ತೆರೆಯದೆ ಆಗುವುದಿಲ್ಲವೇ? ಇಷ್ಟು ಸಣ್ಣ ಮಗು ತಡೆದುಕೊಳ್ಳುತ್ತದೆಯೇ?

ಕೆಲವಕ್ಕೆ ಆಗುತ್ತದೆ. ಮೇಲಿನ ಕೋಣೆಗಳ ನಡುವಿನ ಕೆಲವು ರಂಧ್ರಗಳನ್ನು, ಹುಟ್ಟಿದ ಮೇಲೆ ಮುಚ್ಚಬೇಕಿದ್ದೂ ಮುಚ್ಚದೆ ಉಳಿದ ನಾಳವನ್ನು, ತೊಡೆಯ ರಕ್ತನಾಳದ ಮೂಲಕ ಸಣ್ಣ ಕೊಳವೆ ತೂರಿಸಿ ಕೊಡೆಯಂತೆ ಬಿಚ್ಚಿಕೊಳ್ಳುವ ಸಾಧನವಿಟ್ಟು ಮುಚ್ಚುತ್ತಾರೆ. ಉಳಿದವಕ್ಕೆ ಎದೆ ತೆರೆಯಲೇಬೇಕು. ಅಜ್ಜ ಅಜ್ಜಿಯರು ಇದನ್ನು ಕೇಳಿಯೇ "ಬೇಡ ಮಗಾ" ಎಂದುಬಿಡುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು: ಅಮೆರಿಕದ ಬಾಸ್ಟನ್‌ನಲ್ಲಿ ರಾಬರ್ಟ್ ಗ್ರಾಸ್ ಅಂತಹ ಮುಚ್ಚದ ನಾಳವನ್ನು ಮೊದಲ ಬಾರಿಗೆ ಯಶಸ್ವಿಯಾಗಿ ಕಟ್ಟಿದ್ದು 1938ರಲ್ಲಿ. ಹೃದಯವನ್ನು ನಿಲ್ಲಿಸಿ ಅದರ ಕೆಲಸವನ್ನು ಯಂತ್ರಕ್ಕೆ ವಹಿಸಿ ಜಾನ್ ಗಿಬ್ಬನ್ ರಂಧ್ರ ಮುಚ್ಚಿದ್ದು 1953ರಲ್ಲಿ. ಇದು ನಿನ್ನೆ ಮೊನ್ನೆ ಕಲಿತ ವಿದ್ಯೆಯಲ್ಲ. ಅಪಾಯ ಎಷ್ಟು ಎಂಬುದು ದೋಷಕ್ಕೆ, ಮಗುವಿನ ತೂಕಕ್ಕೆ, ಬಂದ ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ. ಅದನ್ನು ಶಸ್ತ್ರಚಿಕಿತ್ಸಕರ ಬಾಯಿಂದಲೇ ನೇರವಾಗಿ ಕೇಳಿ ತಿಳಿದುಕೊಳ್ಳಿ.

ಮನವಿ ಹಾಕುವ ಮೊದಲು ಏನು ಮಾಡಬೇಕು?

ಸರ್ಕಾರದ ಬಾಗಿಲು ತಟ್ಟಬೇಕು. ಇದನ್ನು ಬಿಟ್ಟು ನೇರವಾಗಿ ಜನರ ಮುಂದೆ ಕೈ ಚಾಚಿದ ಎಷ್ಟೋ ಕುಟುಂಬಗಳನ್ನು ನೋಡಿದ್ದೇನೆ. ತಪ್ಪು ಅವರದಲ್ಲ, ಹೇಳುವವರು ಇರಲಿಲ್ಲ.

ಮೊದಲನೆಯದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. 2013ರಲ್ಲಿ ಶುರುವಾದ ಈ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ ಇದೆ. ಹುಟ್ಟಿನಿಂದ ಬಂದ ಹೃದಯದೋಷ ಅದರ ಪಟ್ಟಿಯಲ್ಲಿಯೇ ಇದೆ. ಇದರ ವೈದ್ಯ ತಂಡಗಳು ಅಂಗನವಾಡಿಗೂ ಶಾಲೆಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಆ ತಂಡ ಬರುವ ತನಕ ಕಾಯಬೇಕೆಂದಿಲ್ಲ. ನಿಮ್ಮ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೇಳಿ, ಇಲ್ಲವೇ ಜಿಲ್ಲಾಸ್ಪತ್ರೆಗೆ ಹೋಗಿ ವಿಚಾರಿಸಿ. ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡು.

ಎರಡನೆಯದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದರಲ್ಲಿ ಬರುತ್ತದೆ. ಎಪಿಎಲ್‌ನವರಿಗೆ ನಿಗದಿತ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ಈ ಒಂದು ಚೀಟಿ ಇಲ್ಲದೆ ದಾಖಲಾಗಿ ಪೂರ್ತಿ ಬಿಲ್ ಕಟ್ಟಿದವರಿದ್ದಾರೆ. ದಯವಿಟ್ಟು ಮೊದಲು ಚೀಟಿ ತೆಗೆದುಕೊಳ್ಳಿ. ಕಾಸರಗೋಡಿನವರಿಗೆ ಕೇರಳ ಸರ್ಕಾರದ "ಹೃದ್ಯಂ" ಯೋಜನೆ ಇದೆ. ಅದು ಮಕ್ಕಳ ಹೃದಯದೋಷಕ್ಕೆಂದೇ ಇರುವ ಯೋಜನೆ.

ಇವೆರಡೂ ಆಗದಿದ್ದರೆ ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗಳಿಗೆ ಆಸ್ಪತ್ರೆಯ ಅಂದಾಜು ಪಟ್ಟಿಯೊಂದಿಗೆ ಅರ್ಜಿ ಹಾಕಬಹುದು. ಬಿಲ್ಲೇ ಇಲ್ಲದ ಆಸ್ಪತ್ರೆಗಳೂ ಇವೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ, ಪುಟ್ಟಪರ್ತಿಯಲ್ಲಿ ಶ್ರೀ ಸತ್ಯಸಾಯಿ ಆಸ್ಪತ್ರೆಗಳು, ಛತ್ತೀಸ್‌ಗಢದ ನವ ರಾಯಪುರದಲ್ಲಿ ಮಕ್ಕಳ ಹೃದಯಕ್ಕೆಂದೇ ಇರುವ ಶ್ರೀ ಸತ್ಯಸಾಯಿ ಸಂಜೀವನಿ ಆಸ್ಪತ್ರೆ ಹಣ ತೆಗೆದುಕೊಳ್ಳದೆ ಶಸ್ತ್ರಚಿಕಿತ್ಸೆ ಮಾಡುತ್ತವೆ. ಸರದಿ ಕಾಯಬೇಕಾಗಬಹುದು. ಮಗುವಿಗೆ ಕಾಯುವ ಸಮಯ ಇದೆಯೇ ಎಂದು ವೈದ್ಯರನ್ನು ಕೇಳಿ, ಇದ್ದರೆ ಹೆಸರು ಬರೆಸಿ.

ಇಷ್ಟೆಲ್ಲ ಯೋಜನೆ ಇರುವಾಗ ಜನರಿಂದ ಹಣ ಏಕೆ ಬೇಕು?

ಯೋಜನೆಗೂ ಮನೆಗೂ ನಡುವೆ ಸಂದುಗಳಿವೆ. ಕಾರ್ಡಿನಲ್ಲಿ ಮಗುವಿನ ಹೆಸರು ಇನ್ನೂ ಸೇರಿರುವುದಿಲ್ಲ. ಹೊರರಾಜ್ಯದಿಂದ ಮೀನುಗಾರಿಕಾ ದೋಣಿಗೋ ಕಟ್ಟಡ ಕೆಲಸಕ್ಕೋ ಬಂದವರ ಬಳಿ ಇಲ್ಲಿನ ಕಾರ್ಡೇ ಇರುವುದಿಲ್ಲ. ಎಪಿಎಲ್ ಕಾರ್ಡಿನ ಸಣ್ಣ ಅಂಗಡಿಯವನಿಗೆ ಉಳಿದ ಶೇ. 70 ಭಾರವೇ. ಜಟಿಲ ದೋಷದ ಮಗು ಹೆಚ್ಚು ದಿನ ಐಸಿಯುನಲ್ಲಿ ಉಳಿದರೆ ನಿಗದಿತ ಪ್ಯಾಕೇಜ್ ಮೀರಿ ಹೋಗಬಹುದು. ಇದಲ್ಲದೆ ಯಾವ ಯೋಜನೆಯೂ ಲೆಕ್ಕಕ್ಕೆ ಹಿಡಿಯದ ಖರ್ಚೊಂದಿದೆ: ತಾಯಿ ಮಗುವಿನ ಬಳಿ, ತಂದೆ ಆಸ್ಪತ್ರೆಯ ಹೊರಗೆ, ಮೂರು ವಾರ ಮನೆಗೆ ಸಂಬಳವಿಲ್ಲ, ಇನ್ನೊಂದು ಮಗು ಅಜ್ಜಿ ಮನೆಯಲ್ಲಿ.

ಶಸ್ತ್ರಚಿಕಿತ್ಸೆಗೆ ಇಷ್ಟು ಲಕ್ಷ ಎನ್ನುತ್ತಾರಲ್ಲ, ಆ ಹಣ ಹೋಗುವುದೆಲ್ಲಿಗೆ?

ಸರಳ ರಂಧ್ರಕ್ಕೆ ಖಾಸಗಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 2ರಿಂದ 4 ಲಕ್ಷ, ಜಟಿಲ ದೋಷಕ್ಕೆ ಅದಕ್ಕಿಂತ ಬಹಳ ಹೆಚ್ಚು. ಹೃದಯ–ಶ್ವಾಸಕೋಶ ಯಂತ್ರದಲ್ಲಿ ರಕ್ತಕ್ಕೆ ಆಮ್ಲಜನಕ ಸೇರಿಸುವ ಭಾಗ ಮತ್ತು ಕೊಳವೆಗಳು ಒಂದು ಮಗುವಿಗೆ ಒಮ್ಮೆ ಮಾತ್ರ; ಬಳಸಿ ಬಿಸಾಡಬೇಕು. ಐಸಿಯುನಲ್ಲಿ ಹಗಲು ರಾತ್ರಿ ಮಗುವನ್ನೇ ನೋಡುವ ದಾದಿ, ವೆಂಟಿಲೇಟರ್, ರಕ್ತ, ಔಷಧ, ಮತ್ತೆ ಮತ್ತೆ ಎಕೋ. ಅಂದಾಜು ಪಟ್ಟಿ ಕೇಳುವಾಗ ಒಂದೇ ಮೊತ್ತ ಬರೆದ ಚೀಟಿ ಸಾಕು ಎನ್ನಬೇಡಿ. ಎಷ್ಟು ದಿನದ ಐಸಿಯು ಸೇರಿದೆ, ದಿನ ಹೆಚ್ಚಾದರೆ ದಿನಕ್ಕೆ ಎಷ್ಟು ಎಂಬ ಎರಡು ಸಾಲು ಬರೆಸಿಕೊಳ್ಳಿ. ಎಷ್ಟು ಕೂಡಿಸಬೇಕೆಂದು ಅಲ್ಲಿಂದಲೇ ತಿಳಿಯುವುದು.

ಹಣ ಯಾರ ಖಾತೆಗೆ ಬರಬೇಕು?

ಸಾಧ್ಯವಾದಷ್ಟೂ ಆಸ್ಪತ್ರೆಯ ಖಾತೆಗೇ, ಮಗುವಿನ ಆಸ್ಪತ್ರೆ ನಂಬರನ್ನು ನಮೂದಿಸಿ. ಹಣ ಕೂಡಿಸುವ ಆನ್‌ಲೈನ್ ವೇದಿಕೆಯ ಮೂಲಕವಾದರೂ ಹಣವನ್ನು ನೇರ ಆಸ್ಪತ್ರೆಗೆ ವರ್ಗಾಯಿಸುವಂತೆ ಕೇಳಬಹುದು. ಬಸ್ಸು, ಊಟ, ಬಾಡಿಗೆ ಕೋಣೆಗೆ ಬೇಕಾದ ಸಣ್ಣ ಭಾಗ ಮಾತ್ರ ತಂದೆ ಅಥವಾ ತಾಯಿಯ ಖಾತೆಗೆ. ಮಾವನ ಖಾತೆ, ನೆರೆಮನೆಯ ಅಣ್ಣನ ಮೊಬೈಲ್ ನಂಬರ್, ಸಂಘದ ಅಧ್ಯಕ್ಷರ ಕ್ಯೂಆರ್ ಕೋಡ್ ಬೇಡ. ಅವರು ಕೆಟ್ಟವರೆಂದಲ್ಲ. ನಾಳೆ ಹತ್ತು ಜನ ಕೇಳಿದಾಗ ಅವರಿಗೆ ತೋರಿಸಲು ಕಾಗದ ಇರುವುದಿಲ್ಲ. ಒಳ್ಳೆಯ ಮನುಷ್ಯನ ಹೆಸರು ಲೆಕ್ಕವಿಲ್ಲದ ಹಣದಿಂದ ಕೆಟ್ಟದ್ದನ್ನು ಮೂವತ್ತು ವರ್ಷ ಕೌಂಟರಿನ ಹಿಂದೆ ಕುಳಿತು ನೋಡಿದ್ದೇನೆ.

ಆನ್‌ಲೈನ್ ವೇದಿಕೆಗಳಲ್ಲಿ ಹಾಕಬಹುದೇ? ಅವರು ಎಷ್ಟು ಹಿಡಿದುಕೊಳ್ಳುತ್ತಾರೆ?

ಹಾಕಬಹುದು. ಭಾರತದಲ್ಲಿ ಮಿಲಾಪ್, ಕೆಟ್ಟೊ, ಇಂಪ್ಯಾಕ್ಟ್‌ಗುರು ಹೆಚ್ಚು ಬಳಕೆಯಲ್ಲಿವೆ. ಶುರು ಮಾಡುವ ಮುನ್ನ ಶುಲ್ಕ ಎಷ್ಟು, ಜಾಹೀರಾತಿಗೆ ಪ್ರತ್ಯೇಕ ಹಣ ಹಿಡಿಯುತ್ತಾರೆಯೇ, ಹಣ ಎಷ್ಟು ದಿನದಲ್ಲಿ ಕೈಸೇರುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಕೊಡುವವರಿಗೊಂದು ಮಾತು: ನೀವು 500 ರೂಪಾಯಿ ಎಂದು ಒತ್ತಿದಾಗ ಅದರ ಜೊತೆ ವೇದಿಕೆಗೆಂದು "ಟಿಪ್" ಮೊದಲೇ ತುಂಬಿರಬಹುದು. ಅದನ್ನು ಕಡಿಮೆ ಮಾಡುವ ಹಕ್ಕು ನಿಮ್ಮದು. ಕೊಟ್ಟರೂ ತಪ್ಪಲ್ಲ, ಆದರೆ ತಿಳಿದು ಕೊಡಿ.

ಮಗುವಿನ ಫೋಟೊ, ವಿಡಿಯೊ ಹಾಕದಿದ್ದರೆ ಯಾರು ಹಣ ಕೊಡುತ್ತಾರೆ?

ಈ ಪ್ರಶ್ನೆಗೆ ನಾನೂ ಒಮ್ಮೆ "ಯಾರೂ ಕೊಡುವುದಿಲ್ಲ" ಎಂದೇ ಉತ್ತರಿಸುತ್ತಿದ್ದೆ. ನಮ್ಮ ಗುಂಪಿನ ಆರಂಭದ ದಿನಗಳಲ್ಲಿ ಐದು ವರ್ಷದ ಹುಡುಗಿಯೊಬ್ಬಳ ಮನವಿ ಹಾಕಿದೆವು. ಮೂಗಿನಲ್ಲಿ ನಳಿಗೆ, ಪಕ್ಕದಲ್ಲಿ ಅಳುವ ತಾಯಿ. ನಾಲ್ಕು ದಿನದಲ್ಲಿ ಹಣ ತುಂಬಿತು, ಶಸ್ತ್ರಚಿಕಿತ್ಸೆಯಾಯಿತು, ಮಗು ಚೆನ್ನಾಗಿ ಆಯಿತು. ನಾವು ಸಂತೋಷಪಟ್ಟೆವು. ಮೂರು ವರ್ಷಗಳ ನಂತರ ಅವಳ ತಂದೆ ಫೋನ್ ಮಾಡಿದರು. ಅದೇ ವಿಡಿಯೊ ಇನ್ನೂ ಊರೂರು ತಿರುಗುತ್ತಿತ್ತು. ಅವರ ಖಾತೆಗೆ ಗುರುತಿಲ್ಲದವರ ಹಣ ಬೀಳುತ್ತಿತ್ತು. ಹಿಂದಿರುಗಿಸುವುದು ಹೇಗೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಶಾಲೆಯಲ್ಲಿ ಅವಳಿಗೆ "ಹಾರ್ಟಿನ ಹುಡುಗಿ" ಎಂದೇ ಹೆಸರು ಬಿದ್ದಿತ್ತು. ಓಟದ ಸ್ಪರ್ಧೆಗೆ ಅವಳನ್ನು ಸೇರಿಸಿಕೊಳ್ಳಲು ಯಾರೂ ತಯಾರಿರಲಿಲ್ಲ, ವೈದ್ಯರು ಓಡಬಹುದು ಎಂದು ಬರೆದುಕೊಟ್ಟಿದ್ದರೂ. ಅವಳ ಹೃದಯವನ್ನು ಸರಿಪಡಿಸಿದ ನಾವೇ ಅವಳ ಬೆನ್ನಿಗೆ ಆ ಹೆಸರನ್ನು ಕಟ್ಟಿದ್ದೆವು. ಅಂದಿನಿಂದ ಮಗುವಿನ ಮುಖ ತೋರಿಸುವುದನ್ನು ನಿಲ್ಲಿಸಿದ್ದೇವೆ.

ಮುಖದ ಬದಲು ಕಾಗದ ತೋರಿಸುತ್ತೇವೆ. ಎಕೋ ವರದಿಯ ತೀರ್ಮಾನದ ಸಾಲು, ಆಸ್ಪತ್ರೆಯ ಅಂದಾಜು ಪಟ್ಟಿ, ಯಾವ ಯೋಜನೆಯಿಂದ ಎಷ್ಟು ಮಂಜೂರಾಗಿದೆ, ಎಷ್ಟು ಉಳಿದಿದೆ, ಯಾವ ದಿನದೊಳಗೆ ಬೇಕು. ಮನೆಯ ವಿಳಾಸ, ಆಧಾರ್ ನಂಬರ್, ತಾಯಿಯ ಮೊಬೈಲ್ ನಂಬರ್‌ಗಳನ್ನು ಮುಚ್ಚಿ ಉಳಿದದ್ದನ್ನು ಹಾಕುತ್ತೇವೆ. ಹಣ ನಿಧಾನವಾಗಿ ಬರುತ್ತದೆ, ಅದು ನಿಜ. ಆದರೆ ಕೊಟ್ಟವರು ಮುಂದಿನ ಮಗುವಿಗೂ ಕೊಡುತ್ತಾರೆ. ಕಣ್ಣೀರು ನೋಡಿ ಕೊಟ್ಟವರಿಗಿಂತ ಲೆಕ್ಕ ನೋಡಿ ಕೊಟ್ಟವರು ಹೆಚ್ಚು ಕಾಲ ಜೊತೆಗಿರುತ್ತಾರೆ ಎಂಬುದು ನಮ್ಮ ಅನುಭವ.

ಇನ್ನೊಂದು ಅನ್ಯಾಯವೂ ಇದರಲ್ಲಿದೆ. ಮುದ್ದಾದ ಮುಖದ ಎರಡು ವರ್ಷದ ಮಗುವಿಗೆ ಹಣ ಹರಿದು ಬರುತ್ತದೆ. ಹದಿನಾಲ್ಕು ವರ್ಷದ, ಕವಾಟ ಕೆಟ್ಟ, ಕ್ಯಾಮೆರಾ ಕಂಡರೆ ಮುಖ ತಿರುಗಿಸುವ ಹುಡುಗನಿಗೆ ಬರುವುದಿಲ್ಲ. ಫೋಟೊದಲ್ಲಿ ಹೇಗೆ ಕಾಣುತ್ತಾನೆ ಎಂಬುದರ ಮೇಲೆ ಒಬ್ಬ ಹುಡುಗನ ಜೀವ ನಿಲ್ಲಬಾರದು. ಅದಕ್ಕಾಗಿ, ನಿಮ್ಮಿಂದ ಪ್ರತಿ ತಿಂಗಳು ಕೊಡಲು ಸಾಧ್ಯವಿದ್ದರೆ ಒಂದು ಮಗುವಿಗೆಂದು ಬರೆಯದೆ, ಆಸ್ಪತ್ರೆಯ ಬಡ ರೋಗಿಗಳ ನಿಧಿಗೋ ಮಕ್ಕಳ ಹೃದಯಕ್ಕೆ ಕೆಲಸ ಮಾಡುವ ನೋಂದಾಯಿತ ಟ್ರಸ್ಟಿಗೋ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಯಾರ ಮೊಬೈಲಿಗೂ ಬಾರದ ಮಗುವಿಗೆ ಆ ಹಣ ತಲುಪುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಬಂದ ಮನವಿ ನಿಜವೋ ಸುಳ್ಳೋ ತಿಳಿಯುವುದು ಹೇಗೆ?

ತಾರೀಕು ಇಲ್ಲದ ಮನವಿಯನ್ನು ಮುಂದಕ್ಕೆ ಕಳುಹಿಸಬೇಡಿ. ಆಸ್ಪತ್ರೆಯ ಹೆಸರು ಇದ್ದರೆ ಸಂದೇಶದಲ್ಲಿರುವ ನಂಬರಿಗಲ್ಲ, ಆಸ್ಪತ್ರೆಯ ಸ್ವಂತ ನಂಬರ್ ಹುಡುಕಿ ಅದಕ್ಕೆ ಫೋನ್ ಮಾಡಿ. ರೋಗಿಯ ವಿವರವನ್ನು ಅವರು ಹೇಳಲಾರರು, ಹೇಳಲೂ ಬಾರದು. ಆದರೆ ಈ ನಂಬರಿನ ರೋಗಿಯ ಹೆಸರಿಗೆ ಹಣ ಕಟ್ಟಬಹುದೇ ಎಂದು ಕೇಳಿದರೆ ಬಿಲ್ಲಿಂಗ್ ಕೌಂಟರಿನವರು ಉತ್ತರಿಸುತ್ತಾರೆ. ಎಕೋ ವರದಿಯಲ್ಲಿರುವ ಹೆಸರು, ವಯಸ್ಸು ಮನವಿಯ ಜೊತೆ ಹೊಂದುತ್ತವೆಯೇ ನೋಡಿ. ಗಂಟೆಯೊಳಗೆ ಹಣ ಬೇಕು, ಇಲ್ಲದಿದ್ದರೆ ಮಗು ಉಳಿಯುವುದಿಲ್ಲ ಎಂಬ ಬೆದರಿಕೆಯ ಧಾಟಿ ಕಂಡರೆ ಇನ್ನಷ್ಟು ನಿಧಾನಿಸಿ. ಅದು ನಿಜವಾದ ತುರ್ತಾಗಿದ್ದರೆ ಆಸ್ಪತ್ರೆಗೆ ಅದು ಗೊತ್ತಿರುತ್ತದೆ.

ಬೇರೆ ಬಡ ದೇಶಗಳ ಮಕ್ಕಳಿಗೆ ಈ ರೀತಿ ಸಹಾಯ ಮಾಡುವವರು ಯಾರು?

ವಾಟ್ಸಿ ಎಂಬ ಸಂಸ್ಥೆಯ ಹುಟ್ಟು ನನಗೆ ತುಂಬ ಹತ್ತಿರದ ಕಥೆ. ಚೇಸ್ ಆ್ಯಡಮ್ ಎಂಬ ಅಮೆರಿಕದ ಯುವಕ ಸ್ವಯಂಸೇವಕನಾಗಿ ಕೋಸ್ಟರಿಕಾದಲ್ಲಿದ್ದಾಗ ಬಸ್ಸಿನಲ್ಲಿ ಹೋಗುತ್ತಿದ್ದ. ಒಬ್ಬ ತಾಯಿ ಬಸ್ಸು ಹತ್ತಿ ಮಗನ ಚಿಕಿತ್ಸೆಗೆ ಹಣ ಕೇಳಿದಳು. ಸಾಮಾನ್ಯವಾಗಿ ಮುಖ ತಿರುಗಿಸುವ ಪ್ರಯಾಣಿಕರು ಅಂದು ಕೊಟ್ಟರು. ಕಾರಣ, ಅವಳ ಕೈಯಲ್ಲಿ ಮಗನ ವೈದ್ಯಕೀಯ ದಾಖಲೆಗಳ ಫೈಲು ಇತ್ತು. ಆ ಊರಿನ ಹೆಸರು ವಾಟ್ಸಿ. ಅದೇ ಹೆಸರಿನಲ್ಲಿ 2012ರಲ್ಲಿ ಆತ ಶುರು ಮಾಡಿದ ತಾಣದಲ್ಲಿ ಬಡ ದೇಶಗಳ ರೋಗಿಗಳ ಚಿಕಿತ್ಸೆಗೆ ಯಾರು ಬೇಕಾದರೂ ಸಣ್ಣ ಮೊತ್ತ ಕೊಡಬಹುದು. ಕೊಟ್ಟದ್ದು ಪೂರ್ತಿ ಚಿಕಿತ್ಸೆಗೇ ಹೋಗುತ್ತದೆ, ಸಂಸ್ಥೆಯ ಖರ್ಚಿಗೆ ಬೇರೆಯಾಗಿ ಹಣ ಕೂಡಿಸುತ್ತಾರೆ. ಅವರು ರೋಗಿಯ ಫೋಟೊ ಹಾಕುತ್ತಾರೆ. ಅದರಲ್ಲಿ ನನ್ನ ದಾರಿ ಬೇರೆ. ಆದರೆ ಆ ಬಸ್ಸಿನ ಫೈಲನ್ನು ನೆನೆದಾಗಲೆಲ್ಲ ಉಡುಪಿ–ಮಂಗಳೂರು ಬಸ್ಸಿನಲ್ಲಿ ಲ್ಯಾಮಿನೇಟ್ ಮಾಡಿದ ಕಾಗದವನ್ನು ನಮ್ಮ ತೊಡೆಯ ಮೇಲಿಟ್ಟು ಹೋಗುವವರು ಕಣ್ಣ ಮುಂದೆ ಬರುತ್ತಾರೆ. ಅವರಲ್ಲಿ ಎಷ್ಟು ಜನರ ಬಳಿ ನಿಜವಾದ ಫೈಲು ಇತ್ತು, ಅದನ್ನು ಓದಿ ನೋಡುವವರು ಮಾತ್ರ ಇರಲಿಲ್ಲವೇ ಎಂದು ಮನಸ್ಸು ಕಲಕುತ್ತದೆ.

ರೋಟರಿಯವರ "ಗಿಫ್ಟ್ ಆಫ್ ಲೈಫ್" 1975ರಲ್ಲಿ ಉಗಾಂಡಾದ ಪುಟ್ಟ ಹುಡುಗಿಯೊಬ್ಬಳನ್ನು ನ್ಯೂಯಾರ್ಕಿಗೆ ಕರೆತಂದು ಶಸ್ತ್ರಚಿಕಿತ್ಸೆ ಮಾಡಿಸಿದಲ್ಲಿಂದ ಬೆಳೆಯಿತು. ಇಸ್ರೇಲಿನ ಹೋಲೋನ್ ನಗರದ ವುಲ್ಫ್‌ಸನ್ ಆಸ್ಪತ್ರೆಯಲ್ಲಿ ಡಾ. ಅಮಿ ಕೋಹೆನ್ 1995ರಲ್ಲಿ ಆರಂಭಿಸಿದ "ಸೇವ್ ಎ ಚೈಲ್ಡ್ಸ್ ಹಾರ್ಟ್" ಆಫ್ರಿಕಾ, ಪ್ಯಾಲೆಸ್ತೀನ್, ಇರಾಕಿನ ಮಕ್ಕಳಿಗೆ ಚಿಕಿತ್ಸೆ ಕೊಡುವುದರ ಜೊತೆ ಆ ದೇಶಗಳ ವೈದ್ಯರಿಗೂ ತರಬೇತಿ ಕೊಡುತ್ತಾ ಬಂದಿದೆ. ಸುಡಾನಿನ ಖಾರ್ಟೂಮ್‌ನಲ್ಲಿ ಇಟಲಿಯ "ಎಮರ್ಜೆನ್ಸಿ" ಸಂಸ್ಥೆ 2007ರಲ್ಲಿ ಸಲಾಂ ಹೃದಯ ಶಸ್ತ್ರಚಿಕಿತ್ಸಾ ಕೇಂದ್ರವನ್ನು ತೆರೆದು ಉಚಿತ ಚಿಕಿತ್ಸೆ ಕೊಡಲು ತೊಡಗಿತು. ಮಗುವನ್ನು ವಿಮಾನದಲ್ಲಿ ಕರೆತರುವುದಕ್ಕಿಂತ ಮಗುವಿನ ಊರಿನ ಹತ್ತಿರ ವೈದ್ಯರನ್ನು ತಯಾರು ಮಾಡುವುದು ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ. ಒಬ್ಬ ಶಸ್ತ್ರಚಿಕಿತ್ಸಕ ತಯಾರಾದರೆ ಅವನ ಕೈಯಲ್ಲಿ ನೂರಾರು ಮಕ್ಕಳು ಉಳಿಯುತ್ತಾರೆ.

ನಮ್ಮ ಮಕ್ಕಳೇ ಇಷ್ಟಿರುವಾಗ ಆಫ್ರಿಕಾದ ಮಗುವಿಗೆ ಏಕೆ ಕೊಡಬೇಕು?

ಕೊಡಲೇಬೇಕೆಂದಿಲ್ಲ. ಆದರೆ ಈ ಪ್ರಶ್ನೆಯನ್ನು ಕೇಳಿದವರಲ್ಲಿ ಹೆಚ್ಚಿನವರು ಇಬ್ಬರಿಗೂ ಕೊಡದವರು ಎಂಬುದು ನನಗೆ ನೋವಿನ ಸಂಗತಿ. ನಮಗೆ ವೆನ್ಲಾಕ್ ಇದೆ, ಅರ್ಧ ದಿನದ ಪ್ರಯಾಣದಲ್ಲಿ ಬೆಂಗಳೂರು ಇದೆ, ಕಾರ್ಡು ಇದೆ. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ಮಾಡುವ ಒಂದು ಕೇಂದ್ರವೂ ಇಲ್ಲದ ದೇಶಗಳು ಇಂದಿಗೂ ಇವೆ. ಅಲ್ಲಿನ ತಾಯಿಗೆ ತಟ್ಟಲು ಬಾಗಿಲೇ ಇಲ್ಲ.

ನಾನು ದುಬೈಯಲ್ಲಿದ್ದೇನೆ. ಊರಿನ ಮಗುವಿಗೆ ಹಣ ಕಳುಹಿಸಬಹುದೇ?

ಭಾರತದ ಪಾಸ್‌ಪೋರ್ಟ್ ಇದ್ದರೆ, ನಿಮ್ಮ ಸ್ವಂತ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದನ್ನು ವಿದೇಶಿ ದೇಣಿಗೆ ಎಂದು ಪರಿಗಣಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಕೊಟ್ಟದ್ದು ವಿದೇಶಿ ದೇಣಿಗೆಯೇ. ಅಂಥವರು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯಾದ ಟ್ರಸ್ಟ್ ಅಥವಾ ಆಸ್ಪತ್ರೆಗೇ ಕೊಡಬೇಕು. ಕೋಣೆಯ ಗೆಳೆಯರೆಲ್ಲ ಸೇರಿಸಿ ಒಬ್ಬರ ಖಾತೆಯಿಂದ ಕಳುಹಿಸುವ ರೂಢಿ ಗಲ್ಫ್‌ನಲ್ಲಿ ಇದೆ. ಅಲ್ಲಿ ಹಣ ಸಂಗ್ರಹಕ್ಕೆ ಕಟ್ಟುನಿಟ್ಟಿನ ಕಾನೂನುಗಳಿವೆ. ಪ್ರತಿಯೊಬ್ಬರೂ ತಮ್ಮ ತಮ್ಮ ಖಾತೆಯಿಂದ ನೇರ ಕಳುಹಿಸುವುದೇ ಕ್ಷೇಮ.

ತೆರಿಗೆ ವಿನಾಯಿತಿ ಸಿಗುತ್ತದೆಯೇ?

ವ್ಯಕ್ತಿಯ ಖಾತೆಗೆ ಹಾಕಿದರೆ ಇಲ್ಲ. 80ಜಿ ಎಂದು ನಾವೆಲ್ಲ ಕರೆಯುವ ಮಾನ್ಯತೆ ಇರುವ ಟ್ರಸ್ಟಿಗೆ ಕೊಟ್ಟರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಸಾಮಾನ್ಯವಾಗಿ ಅರ್ಧ ಮೊತ್ತಕ್ಕೆ ಸಿಗುತ್ತದೆ. 2000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ.

ಬೇಕಾದದ್ದಕ್ಕಿಂತ ಹೆಚ್ಚು ಹಣ ಬಂದರೆ?

ಮೊತ್ತ ತುಂಬಿದ ದಿನವೇ ಮನವಿ ಮುಚ್ಚಿ, "ಸಾಕು, ಇನ್ನು ಕಳುಹಿಸಬೇಡಿ" ಎಂದು ಮೊದಲು ಹಂಚಿದ ಕಡೆಗಳಲ್ಲೆಲ್ಲ ಹಾಕಿ. ಉಳಿದದ್ದು ಯಾರಿಗೆ ಎಂಬುದನ್ನು ಮನವಿಯಲ್ಲಿಯೇ, ಮೊದಲ ದಿನವೇ ಬರೆದಿರಬೇಕು. ನಾವು "ಅದೇ ಆಸ್ಪತ್ರೆಯಲ್ಲಿ ಹೃದಯ ಚಿಕಿತ್ಸೆಗೆ ಬಂದ ಇನ್ನೊಂದು ಮಗುವಿನ ಬಿಲ್ಲಿಗೆ" ಎಂದು ಬರೆಯುತ್ತೇವೆ.

ಮಗು ಉಳಿಯದಿದ್ದರೆ?

ಹಾಗೂ ಆಗಿದೆ. ಆ ದಿನ ಲೆಕ್ಕ ಕೇಳಲು ಯಾರೂ ಫೋನ್ ಮಾಡಬೇಡಿ. ಕೆಲವು ವಾರ ಬಿಟ್ಟು, ಹೆತ್ತವರ ಒಪ್ಪಿಗೆ ಪಡೆದು, ಎರಡು ಸಾಲಿನಲ್ಲಿ ವಿಷಯವನ್ನೂ ಬಿಲ್ಲಿನ ಮೊತ್ತವನ್ನೂ ನಾವು ತಿಳಿಸುತ್ತೇವೆ. ಒಬ್ಬ ತಾಯಿ ಹೇಳಿದ ಮಾತು ಇನ್ನೂ ನನ್ನಲ್ಲಿದೆ: "ಹಣ ಇಲ್ಲವೆಂದು ಹೋಗಲಿಲ್ಲ ಅಣ್ಣ, ಮಾಡುವುದನ್ನೆಲ್ಲ ಮಾಡಿದೆವು." ಕೊಟ್ಟವರ ಹಣ ಆ ಮನೆಗೆ ಆ ಒಂದು ಮಾತನ್ನಾದರೂ ಉಳಿಸಿಕೊಟ್ಟಿತು.

ನನ್ನಿಂದ 100 ರೂಪಾಯಿ ಮಾತ್ರ ಸಾಧ್ಯ. ಕೊಡಲು ನಾಚಿಕೆಯಾಗುತ್ತದೆ.

ಕೊಡಿ. ಎರಡಾಣೆಯ ಪಿಗ್ಮಿಯ ಊರಿನವರು ನಾವು. ಹಣ ಸಾಧ್ಯವೇ ಇಲ್ಲದಿದ್ದರೆ ರಕ್ತ ಕೊಡಿ. ಹೃದಯ ಶಸ್ತ್ರಚಿಕಿತ್ಸೆಗೆ ಮೊದಲು ಆಸ್ಪತ್ರೆಯವರು ದಾನಿಗಳನ್ನು ಕರೆತರಲು ಹೇಳುತ್ತಾರೆ, ಹೊರಜಿಲ್ಲೆಯ ತಂದೆಗೆ ಇಲ್ಲಿ ಯಾರ ಪರಿಚಯವೂ ಇರುವುದಿಲ್ಲ. ಆಸ್ಪತ್ರೆಯ ಹತ್ತಿರ ಮನೆ ಇದ್ದರೆ ಒಂದು ಬಕೆಟ್ ಬಿಸಿನೀರು, ಬಟ್ಟೆ ಒಣಗಿಸಲು ಜಾಗ, ರಾತ್ರಿಗೆ ಗಂಜಿ ಚಟ್ನಿ ಕೊಟ್ಟರೂ ದೊಡ್ಡ ಉಪಕಾರ. ಕನ್ನಡ ಬಾರದ ಕುಟುಂಬಕ್ಕೆ ತುಳು, ಮಲಯಾಳ, ಹಿಂದಿಯಲ್ಲಿ ವೈದ್ಯರ ಮಾತನ್ನು ತಿಳಿಸಿ ಹೇಳುವವರು ಯಾವಾಗಲೂ ಬೇಕು.

ಶಸ್ತ್ರಚಿಕಿತ್ಸೆ ಆಗಿ ಮನೆಗೆ ಹೋದ ಮೇಲೆ ಖರ್ಚು ಮುಗಿಯಿತಲ್ಲವೇ?

ಇಲ್ಲ, ಹೆಚ್ಚಿನ ಮನವಿಗಳು ತಪ್ಪುವುದು ಇಲ್ಲಿಯೇ. ಮಗು ಮತ್ತೆ ಮತ್ತೆ ಎಕೋಗೆ ಬರಬೇಕು. ಕವಾಟ ಬದಲಾಯಿಸಿದ್ದರೆ ಕೃತಕ ಕವಾಟದ ಬಗೆಗೆ ತಕ್ಕಂತೆ ರಕ್ತ ಹೆಪ್ಪುಗಟ್ಟದ ಮಾತ್ರೆ, ಅದರ ರಕ್ತಪರೀಕ್ಷೆ ವರ್ಷಗಟ್ಟಲೆ ನಡೆಯಬಹುದು. ಹಲ್ಲಿನ ಹುಳುಕನ್ನು ಕಡೆಗಣಿಸಬಾರದು, ಬಾಯಿಯ ಸೋಂಕು ರಕ್ತದ ಮೂಲಕ ಹೃದಯಕ್ಕೆ ಹತ್ತಬಹುದು. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಶಸ್ತ್ರಚಿಕಿತ್ಸೆಯ ಚೀಟಿ ತೋರಿಸಿ. ಡಿಸ್ಚಾರ್ಜ್ ಕಾಗದದ ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿ ಇಡಿ. ಮಳೆಗಾಲದಲ್ಲಿ ಕಾಗದ ಒದ್ದೆಯಾಗಿ ಹಾಳಾದ ಮನೆಗಳನ್ನು ಕಂಡು ಹೇಳುತ್ತಿದ್ದೇನೆ. ತಾಯಿ ಮಗು ಬೈಂದೂರಿನಿಂದ ಮಣಿಪಾಲಕ್ಕೆ ಬಂದು ಹೋಗುವ ಬಸ್ ಚಾರ್ಜು, ಎಕೋ ಶುಲ್ಕ, ತಪ್ಪಿಹೋದ ಒಂದು ದಿನದ ಕೂಲಿ, ಇಷ್ಟನ್ನು ಎರಡು ವರ್ಷಕ್ಕೆ ಲೆಕ್ಕ ಹಾಕಿ ಮನವಿಯ ಮೊತ್ತದಲ್ಲಿಯೇ ಸೇರಿಸಿ ಬರೆಯಿರಿ.